ಟಾಲೆಮಿಯ ಪಟ್ಟಿಯಲ್ಲಿ ಪುನ್ನಾಡು

ಹಳೆಯ ನಕ್ಷೆ ಓದುವ ಹುಚ್ಚು ಹಿಡಿದವರು ಒಂದಲ್ಲ ಒಂದು ದಿನ ಟಾಲೆಮಿಯ ಬಳಿಗೆ ಬಂದೇ ಬರುತ್ತಾರೆ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಆತ ಬರೆದ ಭೂಗೋಳ ಗ್ರಂಥದಲ್ಲಿ ಊರು, ನದಿ, ಜನಾಂಗಗಳ ಹೆಸರು ಸಾಲುಗಟ್ಟಿ ನಿಂತಿವೆ. ಎರಡನೆಯ ಭಾಗ ತೆರೆದರೆ ಬ್ರಿಟನ್ನಿನ ಕೆಲ್ಟ್ ಬುಡಕಟ್ಟುಗಳು: ಉತ್ತರದಲ್ಲಿ ಬ್ರಿಗಾಂಟೆಸ್, ವೇಲ್ಸ್ ಕಡೆ ಸಿಲೂರೆಸ್. ಏಳನೆಯ ಭಾಗಕ್ಕೆ ಬಂದರೆ ಭಾರತ. ಅಲ್ಲಿ ‘ಪೌನ್ನಾಟ’ ಎಂಬ ಹೆಸರು, ಅದರ ಪಕ್ಕದಲ್ಲೇ ಬೆರಿಲ್ ಸಿಗುವ ಜಾಗವೆಂಬ ಮಾತು.

ಈ ಪೌನ್ನಾಟವನ್ನು ವಿದ್ವಾಂಸರು ಪುನ್ನಾಡು ಎಂದು ಗುರುತಿಸಿದ್ದಾರೆ. ಎಚ್.ಡಿ. ಕೋಟೆ ಸೀಮೆಯಲ್ಲಿ ಕಬಿನಿ ದಂಡೆಯ ಕಿತ್ತೂರು ಅದರ ರಾಜಧಾನಿ. ಹಳೆಯ ಹೆಸರು ಕೀರ್ತಿಪುರ. ಬೆರಿಲ್ ಎಂಬ ಪದವೂ ನಮ್ಮ ಕಡೆಯಿಂದಲೇ ಹೋದದ್ದು. ಪ್ರಾಕೃತದ ‘ವೇಳುರಿಯ’ ಗ್ರೀಕರ ಬಾಯಲ್ಲಿ ‘ಬೆರಿಲ್ಲೋಸ್’ ಆಯಿತು. ಅದೇ ಸಂಸ್ಕೃತದಲ್ಲಿ ವೈಡೂರ್ಯ.

ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿರುವ ಯುರೋಪಿನ ಕೆಲ್ಟರ ಬುಡಕಟ್ಟುಗಳು ಕರಗಿಹೋಗಿ ಶತಮಾನಗಳೇ ಕಳೆದವು. ಕ್ರಿ.ಪೂ. 52ರಲ್ಲಿ ಅಲೇಸಿಯಾದ ಮುತ್ತಿಗೆಯಲ್ಲಿ ಸೀಸರ್ ಗಾಲ್ ಪ್ರಾಂತದ ಬೆನ್ನು ಮುರಿದ. ಆದರೂ ಹೆಸರುಗಳು ನೆಲಕ್ಕೆ ಅಂಟಿಕೊಂಡೇ ಇವೆ. ಪಾರಿಸಿ ಬುಡಕಟ್ಟಿನಿಂದ ಪ್ಯಾರಿಸ್, ಟ್ರೆವೆರಿ ಜನರಿಂದ ಜರ್ಮನಿಯ ಟ್ರಿಯರ್, ಬೋಯಿಗಳಿಂದ ಬೋಹೀಮಿಯಾ. ಜನ ಹೋದರು, ಹೆಸರು ಉಳಿಯಿತು.

ಪುನ್ನಾಡಿನದು ಬೇರೆಯೇ ಕಥೆ. ಗಂಗರ ಅವಿನೀತ ಪುನ್ನಾಡಿನ ಅರಸ ಸ್ಕಂದವರ್ಮನ ಮಗಳನ್ನು ಮದುವೆಯಾದ; ಮಗ ದುರ್ವಿನೀತನ ಕಾಲಕ್ಕೆ ಆ ನಾಡು ಗಂಗರದಾಯಿತು. ಹೆಸರು ಮಾತ್ರ ಜೈನ ಮುನಿಗಳ ಕಾಲುನಡಿಗೆಯಲ್ಲಿ ದೂರ ಹೋಯಿತು. ಕ್ರಿ.ಶ. 783ರಲ್ಲಿ ಗುಜರಾತಿನ ಕಡೆ ‘ಹರಿವಂಶ ಪುರಾಣ’ ಮುಗಿಸಿದ ಜಿನಸೇನ ಮುನಿ ತನ್ನದು ‘ಪುನ್ನಾಟ ಸಂಘ’ ಎಂದು ಹೇಳಿಕೊಂಡಿದ್ದಾನೆ. ಕಬಿನಿ ತೀರದ ಹೆಸರೊಂದು ಸೌರಾಷ್ಟ್ರದಲ್ಲಿ ಹಸ್ತಪ್ರತಿಯೇರಿತು. ತವರಿನಲ್ಲೋ, 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದ ಮೇಲೆ ಹಳೆಯ ಕಿತ್ತೂರಿನ ನೆಲ ಹಿನ್ನೀರಿನ ಪಾಲಾಯಿತು.

ಪಕ್ಕದ ಹುಣಸೂರು, ಪಿರಿಯಾಪಟ್ಟಣದ ಸೀಮೆ ಆಮೇಲೆ ಚಂಗಾಳ್ವ ಅರಸರ ಕೈಸೇರಿತು. ರಾಜರ ಲೆಕ್ಕ ಅಷ್ಟು ಸಾಕು.

ಏಕೆಂದರೆ ನಕ್ಷೆ ಬಲ್ಲವರು ಇಲ್ಲಿ ನಿಜವಾಗಿ ನೋಡಬೇಕಾದದ್ದು ಕಾಡಿನ ಕಡೆಗೆ. ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಇಂದಿಗೂ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೂ ಅಂಚಿನಲ್ಲೂ ಹಾಡಿಗಳಲ್ಲಿ ಬಾಳುತ್ತಿದ್ದಾರೆ. ಯುರೋಪಿನಲ್ಲಿ ಹೆಸರಿದೆ, ಜನರಿಲ್ಲ. ಇಲ್ಲಿ ಜನರಿದ್ದಾರೆ, ಅವರಿಟ್ಟ ಹೆಸರುಗಳಿಗೆ ನಕ್ಷೆಯಲ್ಲಿ ಜಾಗವಿಲ್ಲ. ಎದ್ದು ಕಾಣುವ ಒಂದೇ ಹೆಸರು ಕಾಕನಕೋಟೆ. ಕಾಡುಕುರುಬರ ನಾಯಕ ಕಾಕನ ನೆನಪು ಅದು. ಮಾಸ್ತಿಯವರು ಅವನ ಮೇಲೆ ನಾಟಕವನ್ನೇ ಬರೆದರು. ಆನೆ ಹಿಡಿಯುವ ಖೆಡ್ಡಾದಿಂದ ಲೋಕಕ್ಕೆಲ್ಲ ಗೊತ್ತಾದ ಆ ಕಾಡಿನಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು.

ಜೇನುಕುರುಬರು ಜೇನು ಕೀಳುವ ರೀತಿ ನೋಡಿದರೆ ಅವರ ನಕ್ಷೆ ಎಂಥದೆಂದು ತಿಳಿಯುತ್ತದೆ. ತುಡುವೆ ಪೊಟರೆಯಲ್ಲಿ, ಕೋಲುಜೇನು ಪೊದೆಯಲ್ಲಿ, ನಸರಿ ಸಣ್ಣ ಸಂದಿಯಲ್ಲಿ. ಹೆಜ್ಜೇನಿಗೆ ಮಾತ್ರ ಎತ್ತರದ ಮರದಂಥ ಜಾಗವೇ ಬೇಕು, ಕೀಳುವವರಿಗೆ ಕತ್ತಲೆಯೇ ಬೇಕು. ಬೆಳುದಿಂಗಳಿಲ್ಲದ ರಾತ್ರಿ, ಕಾಂಡಕ್ಕೆ ಬಡಿದ ಬಿದಿರು ಗೂಟಗಳ ಮೇಲೆ ಕಾಲಿಡುತ್ತ ಒಬ್ಬ ಏರುತ್ತಾನೆ. ಕೈಯಲ್ಲಿ ಹೊಗೆಯಾಡುವ ಸೊಪ್ಪಿನ ಸೂಡಿ, ಬಾಯಲ್ಲಿ ಜೇನಿಗೇ ಹೇಳುವ ಹಾಡು. ಯಾವ ಮರ, ಯಾವ ತಿಂಗಳು, ಯಾವ ಹೂವು ಬಿಟ್ಟಾಗ ಎಂಬುದೆಲ್ಲ ನಾಲಗೆಯ ತುದಿಯಲ್ಲಿ. ಅಕ್ಷಾಂಶ ರೇಖಾಂಶ ಲೆಕ್ಕಹಾಕಿದ ಟಾಲೆಮಿಗೂ ಇಷ್ಟು ನಿಖರತೆ ದಕ್ಕಿರಲಿಲ್ಲ. ಅವನ ದಕ್ಷಿಣ ಭಾರತದ ಆಕಾರವೇ ಚಪ್ಪಟೆ.

ಆ ತಿಳಿವಳಿಕೆಯ ನೆಲದಿಂದಲೇ ಜನರನ್ನು ಎಬ್ಬಿಸಲಾಯಿತು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ, ನಾಗರಹೊಳೆಯಿಂದ ಹೊರಬಿದ್ದವರು 3,418 ಕುಟುಂಬಗಳೆಂದು ಲೆಕ್ಕ ಹಾಕಿತು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆಗಳೇನೋ ಸಾಲಾಗಿವೆ. ಆ ಸಾಲುಗಳಲ್ಲಿ ಬೆಳೆದ ಮಕ್ಕಳಿಗೆ ಜೇನುಮರಗಳ ದಾರಿ ಯಾರು ತೋರಿಸಬೇಕು?

2006ರ ಅರಣ್ಯ ಹಕ್ಕು ಕಾಯ್ದೆ ಒಂದು ಬಾಗಿಲು ತೆರೆದಿದೆ. ಪೂರ್ವಿಕರ ಸಮಾಧಿ, ದೇವರ ತಾಣ, ಹಳೆಯ ವಾಸದ ಗುರುತು, ಹಿರಿಯರ ಹೇಳಿಕೆ ಎಲ್ಲವೂ ಅಲ್ಲಿ ಹಕ್ಕಿಗೆ ಸಾಕ್ಷ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಏಟ್ರೀ ಎಂಬ ಸಂಶೋಧನಾ ಸಂಸ್ಥೆಯ ಜತೆ ಕಾಡೆಲ್ಲ ಸುತ್ತಿ ತಮ್ಮ ದೇವರ ತಾಣಗಳನ್ನು ಹೆಸರುಸಮೇತ ನಕ್ಷೆಗೆ ಇಳಿಸಿದರು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಗೂ ಅಂಥ ನಕ್ಷೆ ಬೇಕು, ಅದೂ ಬೇಗ ಬೇಕು. ಕಾಡಿನೊಳಗೆ ಹುಟ್ಟಿ ಬೆಳೆದ ಅಜ್ಜ ಅಜ್ಜಿಯರು ಇನ್ನೂ ಮುಂದೆ ನಡೆದು, ಇದೇ ಆ ಮರ ಎಂದು ಕೈಯಿಟ್ಟು ತೋರಿಸಬಲ್ಲರು.