ಕಲ್ಲಿನ ಶಾಸನದಿಂದ ಗಣಕದ ಪಹಣಿಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದನ್ನು ತಿರುವಿ ಹಾಕುವವರ ಕಣ್ಣಿಗೆ ಮೊದಲು ಬೀಳುವುದು ಅರಸರ ಬಿರುದಾವಳಿ. ಆದರೆ ಅನೇಕ ಶಾಸನಗಳ ಒಡಲಿನಲ್ಲಿರುವುದು ನೆಲದ ಲೆಕ್ಕ: ಯಾರಿಗೆ, ಎಷ್ಟು, ಯಾವ ಎಲ್ಲೆಯೊಳಗೆ, ಯಾರ ಸಾಕ್ಷಿಯಲ್ಲಿ ಎಂಬ ವಿವರ, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗುಲಲೆಂಬ ಶಾಪ.

ಈ ಕಲ್ಲು ಊರ ನಡುವೆ, ದೇಗುಲದ ಅಂಗಳದಲ್ಲಿ ಅಥವಾ ಹೊಲದ ಎಲ್ಲೆಯಲ್ಲಿ ನಿಂತಿರುತ್ತಿತ್ತು. ಓದಲು ಬಾರದವನೂ ಅದು ಎಲ್ಲಿದೆ, ಯಾರ ವಿಷಯ ಎಂಬುದನ್ನು ಬಲ್ಲವನಾಗಿದ್ದ. ತಾಮ್ರಪಟದ ರೀತಿ ಬೇರೆ. ಅದು ಪಡೆದವನ ಮನೆಯೊಳಗಿನ ಸೊತ್ತು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಮೊದಲಾದ ವಿದ್ವಾಂಸರು ವಾದಿಸಿದುದು ಪ್ರಸಿದ್ಧ. ಹರಿವರ್ಮನ ಹೆಸರಿನಲ್ಲಿ ಶಕ 188ರ ಕಾಲವನ್ನು ಹೇಳಿಕೊಳ್ಳುವ ತಗಡೂರಿನ ಪಟವೂ ಅಂತಹ ಸಂಶಯಕ್ಕೆ ಒಳಗಾದದ್ದೇ. ತಗಡೂರು ಇರುವುದು ನಂಜನಗೂಡು ತಾಲ್ಲೂಕಿನಲ್ಲಿ. ಬಯಲಿನ ಕಲ್ಲಿಗಿಂತ ಪೆಟ್ಟಿಗೆಯ ಪಟ ಸುಳ್ಳು ಹೇಳುವುದು ಸುಲಭ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯನ್ನು ಪರಿಶೀಲಿಸುವುದು ಉಚಿತ. ಶಾನುಭೋಗಿಕೆ 1963ರಲ್ಲಿ ರದ್ದಾದ ಮೇಲೆ ಪಹಣಿ ಗ್ರಾಮಲೆಕ್ಕಿಗರ ಕೈಗೆ ಬಂತು. ರಾಜ್ಯದ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಚೀಲಗಳಲ್ಲಿದ್ದ ಈ ಲೆಕ್ಕವನ್ನು 2000ದಿಂದ 2002ರ ವೇಳೆಗೆ ಗಣಕಕ್ಕೆ ಏರಿಸಲಾಯಿತು. 177 ತಾಲ್ಲೂಕುಗಳು, ಸುಮಾರು 67 ಲಕ್ಷ ಹಿಡುವಳಿದಾರರು, ಎರಡು ಕೋಟಿಯಷ್ಟು ಪಹಣಿಗಳು. ಎಲ್ಲ ತಾಲ್ಲೂಕು ಕಚೇರಿಗಳಂತೆ ನಂಜನಗೂಡು, ನರಸೀಪುರಗಳಲ್ಲೂ ಕಿಂಡಿ ತೆರೆಯಿತು. ಆರಂಭದಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಕೈಬರಹದ ಪ್ರತಿಗೆ ಮಾನ್ಯತೆ ಇಲ್ಲ. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕು, ಬಂದ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ಮೆಚ್ಚತಕ್ಕದ್ದು ಕಿಂಡಿಯ ಎರಡನೆಯ ಪರದೆ. ಗುಮಾಸ್ತನು ತನ್ನ ಪರದೆಯಲ್ಲಿ ಏನು ಬರೆಯುತ್ತಾನೋ ಅದನ್ನು ಹೊರಗೆ ನಿಂತ ರೈತನೂ ನೋಡಲೆಂದು ಅದನ್ನು ಅವನತ್ತ ತಿರುಗಿಸಿ ಇಟ್ಟಿದ್ದರು. ಕಲ್ಲು ಬಯಲಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಯಂತ್ರದಿಂದ ಮಾಡಿಸಲೆಳಸಿದ ಈ ಕಲ್ಪನೆಯ ಮುಂದೆ ಯೋಜನೆಯ ಅಂಕಿ-ಅಂಶಗಳೆಲ್ಲ ಸಣ್ಣವು.

ಆದರೆ ಗಣಕಕ್ಕೆ ಏರಿದ್ದು ಸತ್ಯವಲ್ಲ, ಹಳೆಯ ಪುಸ್ತಕದಲ್ಲಿ ಇದ್ದದ್ದು. ಅಲ್ಲಿ ಹೆಸರು ತಪ್ಪಿದ್ದರೆ ಇಲ್ಲಿ ಅಚ್ಚುಕಟ್ಟಾಗಿ ತಪ್ಪಿರುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಪ್ರಕರಣದಂತೆ ಪಹಣಿಯ ನಮೂದನ್ನು, ವ್ಯತಿರಿಕ್ತವಾಗಿ ಸಿದ್ಧಪಡಿಸುವವರೆಗೆ, ನಿಜವೆಂದೇ ಭಾವಿಸಬೇಕು. ಆದ್ದರಿಂದ ಸುಳ್ಳೆಂದು ತೋರಿಸುವ ಹೊರೆ ನೊಂದವನ ಹೆಗಲಿಗೇ ಬೀಳುತ್ತದೆ. ಕೈಬರಹದ ಕಾಲದಲ್ಲಿ ಅಕ್ಷರವನ್ನು ಕಂಡು ಬರೆದವನನ್ನು ಗುರುತಿಸಿ ಜಗಳವಾಡಬಹುದಿತ್ತು. ಅಚ್ಚಾದ ಅಕ್ಷರಕ್ಕೆ ಮುಖವಿಲ್ಲ.

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಇಲ್ಲಿ ಪ್ರಸ್ತುತ: ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಮೊದಲನೆಯದು, ಒಬ್ಬನು ಹೇಳದುದನ್ನು, ಮಾಡದುದನ್ನು ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದು. ಎರಡನೆಯದನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಅವರು ತಲಕಾಡಿನ ಗಂಗ ದುರ್ವಿನೀತನ ಗುರುಗಳೆಂದು ಪರಂಪರೆ ಹೇಳುವುದರಿಂದ ನರಸೀಪುರ ತಾಲ್ಲೂಕಿಗೆ ಅವರ ಮಾತು ಹೊರಗಿನದಲ್ಲ. ನಿಕ್ಷೇಪ ಇಟ್ಟವನು ಎಣಿಕೆಯನ್ನು ಮರೆತು ಕಡಮೆ ಕೇಳಿದಾಗ, ಇಟ್ಟುಕೊಂಡವನು “ಹಾಗೆಯೇ ಸರಿ” ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಅಲ್ಲಿ ಅವನು ಕದಿಯಲಿಲ್ಲ, ಏನನ್ನೂ ತಿದ್ದಲಿಲ್ಲ. ತಿಳಿದೂ ಸುಮ್ಮನಿದ್ದ, ಅಷ್ಟೆ.

ಬೆರಳಚ್ಚು, ಸರದಿ, ಪರದೆ ಇವೆಲ್ಲ ಕೂಟಲೇಖವನ್ನು ತಡೆಯುವ ಉಪಾಯಗಳು. ನ್ಯಾಸಾಪಹಾರಕ್ಕೆ ಯಂತ್ರದಲ್ಲಿ ಮದ್ದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಕ್ಕೆ ಪಾಲು ಕೊಟ್ಟಿತು; ಆದರೆ ಆ ಕಾನೂನು ತಾನಾಗಿ ಬಂದು ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಹೆಸರು ಬರೆಯುವುದಿಲ್ಲ. ತಂದೆ ತೀರಿದ ಬಳಿಕ ಅಣ್ಣತಮ್ಮಂದಿರು ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟು ಅರ್ಜಿ ಕೊಟ್ಟರೆ, ಕೇಳದವರನ್ನು ಯಂತ್ರ ಕರೆದು ಕೇಳದು. ಹನ್ನೊಂದನೆಯ ಕಾಲಮಿನ ಋಣ, ಹನ್ನೆರಡನೆಯದರ ಸಾಗುವಳಿದಾರನ ಹೆಸರು, ಇವುಗಳ ಕಥೆಯೂ ಇದೇ. ಫೋನಿನ ಆಟವೊಂದರ ಅಷ್ಟೂ ನಿಯಮಗಳನ್ನು ಕಂಠಪಾಠ ಮಾಡಿದ ಮಗನು ತನ್ನ ಮನೆಯ ಹನ್ನೊಂದನೆಯ ಕಾಲಮನ್ನು ಒಮ್ಮೆಯೂ ಓದಿರುವುದಿಲ್ಲವೆಂಬುದು ಈ ಕಾಲದ ಸೋಜಿಗ.

ಪಹಣಿ ಈಗ ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ. ಸರ್ವೆ ನಂಬರು, ಹಿಸ್ಸಾ ಬಲ್ಲವರು ಯಾವ ಊರಿನಲ್ಲಿದ್ದರೂ ಓದಬಹುದು. ಕಲ್ಲಿನ ಬಯಲು ಮರಳಿತೆನ್ನಬಹುದೇ? ಕಲ್ಲನ್ನು ಓದುತ್ತಿದ್ದವರು ಆ ಊರಿನವರು. ತೆರೆದ ಲೆಕ್ಕವನ್ನು ಈಗ ಮೊದಲು ಓದಬಲ್ಲವನು ನೆಲ ಕೊಳ್ಳಲು ಹೊರಟವನು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ‘ಭೂಮಿ’ಯನ್ನು ಕುರಿತು ಬರೆದ ಅಧ್ಯಯನ ಬೆಂಗಳೂರಿನ ಸುತ್ತಲ ನೆಲದ ವಿಷಯದಲ್ಲಿ ಈ ಆಕ್ಷೇಪವನ್ನೇ ಎತ್ತಿತ್ತು. ಅವರ ವಾದ ತುಸು ತೀಕ್ಷ್ಣವೇ ಹೌದು. ಹಳೆಯ ಗ್ರಾಮಲೆಕ್ಕಿಗನ ಚೀಲ ಬಡವನಿಗೆ ಎಷ್ಟು ದುಬಾರಿಯಾಗಿತ್ತೆಂಬುದಕ್ಕೆ ಅದರಲ್ಲಿ ಸಾಕಷ್ಟು ಜಾಗವಿಲ್ಲ. ಆದರೂ ಕೈಗಾರಿಕಾ ಪ್ರದೇಶ ಬೆಳೆದ ನಂಜನಗೂಡಿನವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು.

2024ರಲ್ಲಿ ಸರಕಾರ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಎಷ್ಟೋ ನೆಲ ತೀರಿಕೊಂಡವರ ಹೆಸರಿನಲ್ಲೇ ಉಳಿದಿರುವುದು ಬಯಲಾಯಿತು. ಪೌತಿ ಖಾತೆಯ ಆಂದೋಲನ ಅದರ ಬೆನ್ನಿಗೇ ಬಂತು. ಅದೇ ವರ್ಷ ಆರಂಭವಾದ ‘ಭೂಸುರಕ್ಷಾ’ದಲ್ಲಿ ತಾಲ್ಲೂಕು ಕಚೇರಿಯ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡಲಾಗುತ್ತಿದೆ. ಸತ್ತವನ ಹೆಸರನ್ನು ತೆಗೆದು ಬದುಕಿರುವವರ ಹೆಸರನ್ನು ಬರೆಯುವ ಈ ಹೊತ್ತಿನಲ್ಲಿ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ ನೋಟೀಸು ತಲುಪಿತೇ ಎಂದು ಕೇಳುವುದು ಕಚೇರಿಯ ಕೆಲಸ. ಅವಳ ಹೆಸರನ್ನು ಅರ್ಜಿಯಲ್ಲಿ ಬರೆಯುವುದು ಅಣ್ಣತಮ್ಮಂದಿರ ಕೆಲಸ.