ಬೊಡ್ಡೆ ಕಿತ್ತ ನೆಲದಲ್ಲಿ ಹುಲ್ಲುಹಾಸು: ಒಂದು ವಿಮರ್ಶೆ

ಮರವನ್ನು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡಕ್ಕೆ ಕನ್ನಡದಲ್ಲಿ ಬೊಡ್ಡೆ, ಮೋಟು ಎಂಬ ಮಾತುಗಳಿವೆ. ಎರಡೂ ಕಣ್ಣಿಗೆ ಕಾಣುವ ಭಾಗವನ್ನು ಹೆಸರಿಸುತ್ತವೆಯೇ ಹೊರತು ಅದರ ಕೆಳಗೆ ಹಬ್ಬಿರುವ ಬೇರಿನ ಬಳಗವನ್ನಲ್ಲ. ಹುಲ್ಲುಹಾಸಿಗಾಗಿ ಬೊಡ್ಡೆ ತೆಗೆಯುವ ಕೆಲಸ ಇಂದು ನಡೆಯುತ್ತಿರುವ ರೀತಿಯ ಮುಖ್ಯ ದೋಷವೂ ಇದೇ ಆಗಿದೆ. ನೆಲದ ಮೇಲೆ ಕಾಣುತ್ತಿದ್ದ ಮರದ ತುಂಡು ಕಾಣದಂತಾದರೆ ಕೆಲಸ ಮುಗಿಯಿತೆಂದು ಬಗೆಯಲಾಗುತ್ತದೆ, ಗುತ್ತಿಗೆಯ ಹಣವೂ ಅಂದೇ ಸಂದಾಯವಾಗುತ್ತದೆ. ಆದರೆ ಹುಲ್ಲು ಬೇರೂರುವುದು ಮರದ ಬೇರುಗಳು ಸತ್ತು ಕೊಳೆಯುವ ಅದೇ ಮೇಲ್ಮಣ್ಣಿನಲ್ಲಾದ್ದರಿಂದ, ಈ ಕೆಲಸದ ಗುಣವನ್ನು ಅಳೆಯಬೇಕಾದದ್ದು ಮುಗಿಸಿದ ದಿನದಂದಲ್ಲ, ಎರಡು ಅಥವಾ ಮೂರು ಮಳೆಗಾಲಗಳು ಕಳೆದ ಮೇಲೆ. ಈ ಅಳತೆಗೋಲನ್ನು ಹಿಡಿದು ನೋಡಿದಾಗ ಬಳಕೆಯಲ್ಲಿರುವ ಹಲವು ವಿಧಾನಗಳ ಬೆಲೆ ಬೇರೆಯಾಗಿಯೇ ತೋರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆಯಾಗಿ ಬೆಂಗಳೂರಿನ ಉತ್ತರ ಮತ್ತು ಪೂರ್ವಕ್ಕಿರುವ ದೇವನಹಳ್ಳಿ, ಹೊಸಕೋಟೆ, ಮಾಲೂರು ಸೀಮೆಯ ನೀಲಗಿರಿ ತೋಪುಗಳನ್ನು ತೆಗೆದುಕೊಳ್ಳಬಹುದು. ಯೂಕಲಿಪ್ಟಸ್ ಎಂಬ ಈ ಆಸ್ಟ್ರೇಲಿಯಾ ಮೂಲದ ಮರ 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದಿತೆಂಬುದು ಅರಣ್ಯಶಾಸ್ತ್ರದ ಬರಹಗಳಲ್ಲಿ ರೂಢಿಯಾಗಿರುವ ಮಾತು. ಮುಂದೆ ಅಲ್ಲಿಂದ ಹಬ್ಬಿದ ತಳಿ 'ಮೈಸೂರು ಗಮ್' ಎಂಬ ಹೆಸರನ್ನೇ ಪಡೆಯಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು, ಅದರ ಸುತ್ತ ದೊಡ್ಡ ವಾದವೂ ಎದ್ದಿತು, ಅಂತರ್ಜಲ ಬತ್ತುತ್ತಿದೆಯೆಂಬ ಅಳಲು ಮುಗಿಯದೆ ಕಡೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಈಗ ಅದೇ ತೋಪುಗಳು ಬಡಾವಣೆ, ತೋಟದ ಮನೆ, ರೆಸಾರ್ಟ್‌ಗಳಾಗುತ್ತಿವೆ. ಮನೆಯ ಮುಂದೆ ಹುಲ್ಲುಹಾಸು ಇರಬೇಕೆಂಬುದು ಅಂಥ ನಿವೇಶನಗಳ ಅಲಿಖಿತ ನಿಯಮವಾಗಿದೆ.

ನೀಲಗಿರಿಯ ಬೊಡ್ಡೆಗೆ ಅಸಾಧಾರಣವಾದ ಜೀವಶಕ್ತಿಯಿದೆ. ಕಾಂಡ ಮತ್ತು ಬೇರು ಕೂಡುವಲ್ಲಿ, ಬಹುಪಾಲು ಮಣ್ಣಿನೊಳಗೆ, ಗಟ್ಟಿಯಾದ ಒಂದು ಗಡ್ಡೆ ಬೆಳೆದಿರುತ್ತದೆ. ಸಸ್ಯಶಾಸ್ತ್ರದಲ್ಲಿ ಲಿಗ್ನೋಟ್ಯೂಬರ್ ಎಂದು ಕರೆಯುವ ಈ ಮರಗಡ್ಡೆಯಲ್ಲಿ ಮಲಗಿರುವ ಮೊಗ್ಗುಗಳೂ ಅವುಗಳನ್ನು ಸಾಕಲು ಬೇಕಾದ ಪಿಷ್ಟದ ದಾಸ್ತಾನೂ ಇರುವುದರಿಂದ, ಕಾಡ್ಗಿಚ್ಚಿನಲ್ಲಿ ಮೇಲಿನದೆಲ್ಲ ಸುಟ್ಟುಹೋದರೂ ಮರ ಮತ್ತೆ ಚಿಗುರಬಲ್ಲದು. ಕಬ್ಬಿನ ಕೂಳೆಯಂತೆ ನೀಲಗಿರಿಯ ಕೂಳೆಯನ್ನೂ ರೈತರು ಏಳೆಂಟು ವರ್ಷಕ್ಕೊಮ್ಮೆ ಕಟಾವು ಮಾಡುತ್ತ ಬಂದದ್ದು ಈ ಗುಣವನ್ನು ನಂಬಿಯೇ. ಆದುದರಿಂದ ಎರಡು ಮೂರು ಕೂಳೆ ಕಂಡ ತೋಪಿನ ಬೊಡ್ಡೆಯ ವಯಸ್ಸು ಅದರ ಮೇಲಿದ್ದ ಕಂಬಗಳ ವಯಸ್ಸಿಗಿಂತ ಹೆಚ್ಚಿನದು. ಕೈಗಾತ್ರದ ಗಳುಗಳನ್ನು ಕಡಿದುಕೊಂಡ ಮೇಲೆ ಕೆಳಗೆ ಸಿಗುವ ಗಂಟು ಮೇಲಿನಿಂದ ನೋಡಿ ಮಾಡಿದ ಲೆಕ್ಕಾಚಾರವನ್ನೆಲ್ಲ ಸುಳ್ಳಾಗಿಸುವಷ್ಟು ದೊಡ್ಡದಿರುತ್ತದೆ. ಇಂಥ ಗಡ್ಡೆಯ ಒಂದು ಹೋಳು ಉಳಿದರೂ ಹುಲ್ಲಿನ ನಡುವೆ ಕೆಂಬಣ್ಣದ ಕೊನರು ಏಳುವುದನ್ನು ತಡೆಯಲಾಗದು.

ಈ ಕೆಲಸಕ್ಕೆ ಸಾಮಾನ್ಯವಾಗಿ ಕರೆಯುವುದು ಮಣ್ಣಗೆಯುವ ಯಂತ್ರವನ್ನು. ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ಜೆಸಿಬಿಯೇ. ಬಕೆಟ್ಟಿನ ಹಲ್ಲುಗಳನ್ನು ಬುಡದ ಕೆಳಗೆ ತೂರಿಸಿ ಬೊಡ್ಡೆಯನ್ನು ಹಲ್ಲು ಕಿತ್ತಂತೆ ಕಿತ್ತೆಸೆಯುವ ಈ ವಿಧಾನದ ವೇಗವನ್ನು ಅಲ್ಲಗಳೆಯುವಂತಿಲ್ಲ, ಗಡ್ಡೆಯನ್ನು ಇಡಿಯಾಗಿ ತೆಗೆಯುವುದರಿಂದ ಮರುಚಿಗುರಿನ ಸಮಸ್ಯೆಗೆ ಇದು ನೀಡುವ ಪರಿಹಾರವೂ ಪೂರ್ಣವಾದದ್ದೇ. ಕಿತ್ತ ಬೊಡ್ಡೆ ಸೌದೆಯಾಗಿ ಮಾರಾಟವಾಗುವುದೂ ಉಂಟು. ಆದರೆ ಹುಲ್ಲುಹಾಸಿನ ಕಡೆಯಿಂದ ನೋಡಿದರೆ ಹಾನಿ ಇಲ್ಲಿಂದಲೇ ಆರಂಭವಾಗುತ್ತದೆ. ಈ ಸೀಮೆಯ ಕೆಮ್ಮಣ್ಣಿನಲ್ಲಿ ಜೀವವಿರುವ ಮೇಲ್ಮಣ್ಣಿನ ಪದರ ತೆಳುವಾದದ್ದು, ಅದರ ಕೆಳಗೆ ಜಿಗುಟಾದ ಒಳಮಣ್ಣೂ ಅದಕ್ಕೂ ಕೆಳಗೆ ಗರಸೂ ಇರುತ್ತವೆ. ಯಂತ್ರ ಬೊಡ್ಡೆಯನ್ನು ಮಗುಚಿದಾಗ ಈ ಪದರಗಳು ತಲೆಕೆಳಗಾಗಿ ಗರಸು ಮೇಲಕ್ಕೂ ಮೇಲ್ಮಣ್ಣು ಗುಂಡಿಯ ತಳಕ್ಕೂ ಹೋಗುತ್ತವೆ. ಹಲವು ಟನ್ ತೂಕದ ಯಂತ್ರ ಒದ್ದೆ ನೆಲದ ಮೇಲೆ ಹಿಂದೆ ಮುಂದೆ ಓಡಾಡಿದ ಜಾಡಿನಲ್ಲಿ ಮಣ್ಣಿನ ಕಣಗಳ ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗಿ ನೀರು ಇಂಗದಂತಾಗುತ್ತದೆ. ಮರುವರ್ಷ ಹುಲ್ಲು ಹಳದಿಗಟ್ಟಿದ ಪಟ್ಟೆಗಳು ಗಾಲಿಯ ಜಾಡಿನ ಅಳತೆಯಲ್ಲೇ ಇರುವುದನ್ನು ಗಮನಿಸಿದವರಿಗೆ ಗೊಬ್ಬರದ ಕೊರತೆಯ ವಿವರಣೆ ಒಪ್ಪಿಗೆಯಾಗದು. ಯಂತ್ರವನ್ನು ಬಳಸಲೇಬೇಕಾದಲ್ಲಿ ನೆಲ ಒಣಗಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಮೊದಲು ಮೇಲ್ಮಣ್ಣನ್ನು ಒಂದು ಗೇಣಿನಷ್ಟು ಹೆರೆದು ಬೇರೆಡೆ ರಾಶಿ ಹಾಕಿಸಿ, ಆಮೇಲೆ ಬೊಡ್ಡೆಗೆ ಕೈಹಾಕಬೇಕು. ಇಷ್ಟೇ ಎಚ್ಚರ ಅರ್ಧ ಹಾನಿಯನ್ನು ತಪ್ಪಿಸುತ್ತದೆ. ದುರದೃಷ್ಟವಶಾತ್ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಓಡುವಾಗ ಕೈಬಿಡುವ ಮೊದಲ ಹೆಜ್ಜೆಯೂ ಇದೇ.

ತಿರುಗುವ ಚಕ್ರದ ಹಲ್ಲುಗಳಿಂದ ಬೊಡ್ಡೆಯನ್ನು ನಿಂತಲ್ಲೇ ಹೆರೆದು ಪುಡಿಮಾಡುವ ಯಂತ್ರ ಮಣ್ಣನ್ನು ಮಗುಚದಿರುವುದರಿಂದ, ಮನೆ ಮತ್ತು ಕಾಂಪೌಂಡಿನ ನಡುವಿನ ಇಕ್ಕಟ್ಟಿನಲ್ಲಿ ಅದು ಮೇಲಾದುದೆಂದು ಎಣಿಕೆ. ಅದು ಸಾಮಾನ್ಯವಾಗಿ ನೆಲಮಟ್ಟದಿಂದ ಒಂದಡಿಯ ಆಳದವರೆಗೆ ಮರವನ್ನು ಹೆರೆಯುತ್ತದೆ. ಇಲ್ಲಿಯ ತಪ್ಪು ಯಂತ್ರದ್ದಲ್ಲ, ಅದರ ಹಿಂದೆ ಉಳಿಯುವ ಮರದ ಚೂರಿನದ್ದು. ಬೊಡ್ಡೆಯಿದ್ದ ಗುಂಡಿಗೆ ಆ ಚೂರನ್ನೇ ಮಣ್ಣಿನೊಡನೆ ಕಲಸಿ ತುಂಬಿ ಮೇಲೆ ಹುಲ್ಲು ಹಾಸುವುದು ಸುಲಭವೆನಿಸುತ್ತದೆ, ಗೊಬ್ಬರವಾದೀತೆಂಬ ಸಮಾಧಾನವೂ ಜೊತೆಗಿರುತ್ತದೆ. ಆದರೆ ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿದ್ದು, ಅದನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು ಇಪ್ಪತ್ತೈದು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಈ ಕೊರತೆಯನ್ನು ಅವು ಸುತ್ತಲಿನ ಮಣ್ಣಿನಿಂದ ಹೀರಿ ತುಂಬಿಕೊಳ್ಳುವುದರಿಂದ ಹುಲ್ಲಿನ ಬೇರಿಗೆ ಸಿಗಬೇಕಾದುದು ಚೂರಿನ ಪಾಲಾಗುತ್ತದೆ. ಹುಲ್ಲು ಬಿಳಿಚಿಕೊಂಡು ನಿಲ್ಲುತ್ತದೆ. ಚೂರು ಕರಗಿದಷ್ಟೂ ನೆಲ ತಗ್ಗುತ್ತದೆ, ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ, ನಿಂತಲ್ಲಿ ಅಣಬೆ ಏಳುತ್ತದೆ. ಇದೇ ಚೂರನ್ನು ಗಿಡಗಳ ಬುಡದಲ್ಲಿ ನೆಲದ ಮೇಲೆ ಹೊದಿಕೆಯಾಗಿ ಹರಡಿದರೆ ಸಾರಜನಕದ ಸೆಳೆತ ಮಣ್ಣಿನ ಮೇಲ್ಪದರದಲ್ಲಷ್ಟೇ ನಡೆದು ಉಪಕಾರವೇ ಆಗುತ್ತದೆ ಎಂಬುದನ್ನು ನೆನೆದರೆ, ಹೊರತೆಗೆದು ಹಾಕುವ ಒಂದು ದಿನದ ಶ್ರಮವನ್ನು ಉಳಿಸಿ ಎರಡು ವರ್ಷ ಕೊರಗುವ ರೂಢಿ ನಿಜಕ್ಕೂ ವಿಷಾದಕರವಾದದ್ದು.

ರಾಸಾಯನಿಕಗಳ ವಿಚಾರದಲ್ಲಿ ಬೊಡ್ಡೆಯನ್ನು ಕೊಲ್ಲುವುದನ್ನೂ ತೆಗೆಯುವುದನ್ನೂ ಒಂದೆಂದು ತಿಳಿಯುವ ಗೊಂದಲವಿದೆ. ಹೊಸದಾಗಿ ಕಡಿದ ಮುಖದಲ್ಲಿ, ತೊಗಟೆಯ ಒಳಗಿನ ಜೀವಂತ ಉಂಗುರಕ್ಕೆ ಕಳೆನಾಶಕವನ್ನು ಕೂಡಲೇ ಬಳಿದರೆ ಅದು ಬೇರಿಗಿಳಿದು ಚಿಗುರನ್ನು ತಡೆಯುತ್ತದೆ, ಮರದ ತುಂಡು ಮಾತ್ರ ಇದ್ದಲ್ಲೇ ಇರುತ್ತದೆ. ಒಂದೇ ಜಾತಿಯ ಅಕ್ಕಪಕ್ಕದ ಮರಗಳ ಬೇರುಗಳು ಮಣ್ಣಿನೊಳಗೆ ಬೆಸೆದುಕೊಂಡಿರುವುದೂ ಉಂಟಾದ್ದರಿಂದ, ಉಳಿಸಬೇಕೆಂದುಕೊಂಡ ಮರಕ್ಕೂ ವಿಷ ಹರಿದೀತು. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಸೀಮಿತಗೊಳಿಸಿರುವುದರಿಂದ ಮನೆಯವರು ಕೈಯಾರೆ ಬಳಿಯುವ ಪ್ರಶ್ನೆಯೂ ಏಳದು. ಇದಕ್ಕಿಂತ ಕೆಟ್ಟದ್ದು ಬೊಡ್ಡೆಗೆ ತೂತು ಕೊರೆದು ಕಲ್ಲುಪ್ಪು ತುಂಬುವ ಮನೆಮದ್ದು. ಉಪ್ಪಿನ ಸೋಡಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸುವ ಕ್ಯಾಲ್ಸಿಯಂನ ಜಾಗವನ್ನು ಆಕ್ರಮಿಸಿ ಮಣ್ಣಿನ ಹರಳುಕಟ್ಟನ್ನು ಒಡೆಯುತ್ತದೆ. ಒದ್ದೆಯಾದಾಗ ಕೆಸರಾಗಿ ಒಣಗಿದಾಗ ಹೆಂಚಿನಂತಾಗುವ ಅಂಥ ನೆಲದಲ್ಲಿ ಹುಲ್ಲು ಬೆಳೆಸಹೊರಡುವುದು ಬಾವಿಗೆ ಮಣ್ಣು ತುಂಬಿ ನೀರು ಸೇದಲು ಹೋದಂತೆ. ಸುಡುವುದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಹಸಿ ಬೊಡ್ಡೆ ಸುಡದು, ಒಣ ಬೊಡ್ಡೆಯ ಬೆಂಕಿ ಬೇರಿನ ಗುಂಟ ಮಣ್ಣಿನೊಳಗೆ ದಿನಗಟ್ಟಲೆ ಹೊಗೆಯಾಡಿ ಎಣಿಸದ ಕಡೆ ಏಳಬಹುದು.

ತಾನಾಗಿ ಕೊಳೆಯಲು ಬಿಡುವ ದಾರಿ ಪ್ರಕೃತಿಗೆ ಹತ್ತಿರವಾದದ್ದೆಂಬ ಮಾತು ನಿಜವಾದರೂ ಎಲ್ಲ ಮರಕ್ಕೂ ಸಲ್ಲದು. ತೆಂಗು ಇದಕ್ಕೆ ತಕ್ಕ ನಿದರ್ಶನ. ತೆಂಗಿಗೆ ಬೆಳೆಯುವ ಕುಡಿ ಇರುವುದು ನೆತ್ತಿಯಲ್ಲೊಂದೇ, ಆದುದರಿಂದ ಕಡಿದ ಬುಡ ಎಂದಿಗೂ ಚಿಗುರದು. ತಾಯಿಬೇರಿಲ್ಲದೆ, ಬೆರಳಿನ ಗಾತ್ರದ ಸಾವಿರಾರು ಬೇರುಗಳು ಬುಡದ ಗುಬ್ಬಟೆಯಿಂದ ಹೊರಟಿರುವುದರಿಂದ ಸುತ್ತ ಕಾಲುವೆ ತೋಡಿ ಕತ್ತರಿಸಿದರೆ ಅದು ಅಲುಗಾಡಿ ಬರುತ್ತದೆ. ಇಷ್ಟು ಸುಲಭವಾದ ಬೊಡ್ಡೆಯನ್ನೇ ಹಲವರು ಕೊಳೆಯಲು ಬಿಡುತ್ತಾರೆ. ಆದರೆ ತೆಂಗಿನ ಸುಳಿಯನ್ನು ಕೊರೆಯುವ ಖಡ್ಗಮೃಗ ದುಂಬಿ ಮೊಟ್ಟೆಯಿಡುವ ಜಾಗಗಳಲ್ಲಿ ಕೊಳೆತ ತೆಂಗಿನ ಕಾಂಡ ಮತ್ತು ಬುಡವೂ ಸೇರಿವೆ, ಬೇರು ಕೊಳೆಯಿಸುವ ಅಣಬೆರೋಗದ ಶಿಲೀಂಧ್ರವೂ ಅಲ್ಲಿ ಉಳಿದುಕೊಳ್ಳುತ್ತದೆ. ತೆಂಗು ಅಡಿಕೆಗಳಿರುವ ಊರಿನಲ್ಲಿ ಅಂಥ ಬೊಡ್ಡೆಯನ್ನು ಹುಲ್ಲಿನಡಿ ಹೂತಿಡುವುದು ನೆರೆಯ ತೋಟಕ್ಕೂ ಮಾಡಿದ ದ್ರೋಹ.

ಉಳಿದದ್ದು ಹಾರೆ, ಪಿಕಾಸಿ, ಕೊಡಲಿಗಳ ಹಳೆಯ ವಿಧಾನ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಸುತ್ತ ಕಾಲುವೆ ತೋಡಿ, ಸಿಕ್ಕ ಅಡ್ಡಬೇರುಗಳನ್ನು ಒಂದೊಂದಾಗಿ ಕತ್ತರಿಸಿ, ಬೊಡ್ಡೆಯನ್ನು ಅತ್ತಿತ್ತ ಅಲುಗಿಸಿ ತಾಯಿಬೇರನ್ನು ಬಿಡಿಸುವ ಈ ಕೆಲಸ ನಿಧಾನದ್ದು, ಮೈಮುರಿಯುವಂಥದ್ದು, ಕೂಲಿಯೂ ಹೆಚ್ಚು ಬೇಡುವಂಥದ್ದು. ನೂರಾರು ಬೊಡ್ಡೆಗಳ ತೋಪಿಗೆ ಅದನ್ನು ಸಲಹೆ ಮಾಡುವುದು ದುಡಿಯುವವರ ಬೆನ್ನಿನ ಮೇಲೆ ನಿರ್ದಯೆಯಾದೀತು. ಆದರೆ ಮನೆಯಂಗಳದ ಮೂರು ನಾಲ್ಕು ಬೊಡ್ಡೆಗಳ ಮಟ್ಟಿಗೆ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಬೇರು ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಟೊಳ್ಳಾಗಿದೆ, ಗೆದ್ದಲು ಎಲ್ಲಿಂದ ಬಂದಿದೆ, ಗರಸು ಎಷ್ಟು ಆಳದಲ್ಲಿದೆ ಎಂಬುದೆಲ್ಲ ಅಗೆಯುವ ಕೈಗೆ ತಿಳಿಯುತ್ತದೆ. ಹುಲ್ಲು ಹಾಕುವವರಿಗೆ ಬೇಕಾದ ಮಣ್ಣಿನ ಪರೀಕ್ಷೆ ಅಲ್ಲಿಯೇ ನಡೆದಿರುತ್ತದೆ. ಮೇಲ್ಮಣ್ಣು ಒಂದು ಕಡೆ, ಒಳಮಣ್ಣು ಇನ್ನೊಂದು ಕಡೆ ಬೀಳುವುದೂ ಗುದ್ದಲಿಯ ಕೆಲಸದಲ್ಲಿ ಸಹಜವಾಗಿಯೇ ಆಗುತ್ತದೆ.

ಹೇಗೆ ತೆಗೆದರೂ ಗುಂಡಿ ತುಂಬುವ ಹಂತದಲ್ಲಿ ಅವಸರ ಮಾಡಿದರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಒಳಮಣ್ಣನ್ನು ಗೇಣುದ್ದದ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರುಣಿಸಿ ತುಳಿದು, ಕೊನೆಗೆ ಮೇಲ್ಮಣ್ಣನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಸುತ್ತಲಿನ ಮಟ್ಟಕ್ಕಿಂತ ತುಸು ಉಬ್ಬಾಗಿ ಬಿಡಬೇಕು. ಸುರುಳಿ ಸುತ್ತಿ ಮಾರುವ ಸಿದ್ಧ ಹುಲ್ಲನ್ನು ಬೊಡ್ಡೆ ಕಿತ್ತ ವಾರದಲ್ಲೇ ಹಾಸಿ ಗೃಹಪ್ರವೇಶಕ್ಕೆ ಅಂಗಳವನ್ನು ಅಂದಗಾಣಿಸುವ ಪದ್ಧತಿ ಅತ್ಯಂತ ಹಾನಿಕರವಾದದ್ದು, ಏಕೆಂದರೆ ಮೊದಲ ಮಳೆಗಾಲದಲ್ಲಿ ಕುಸಿಯಬೇಕಾದ ನೆಲ ಹುಲ್ಲಿನಡಿಯಲ್ಲಿ ಕುಸಿಯುತ್ತದೆ. ಬೇಸಿಗೆಯಲ್ಲಿ ಬೊಡ್ಡೆ ತೆಗೆದು, ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯನ್ನು ನೆಲಕ್ಕೆ ಬಿಟ್ಟು, ಆ ಅವಧಿಯಲ್ಲಿ ಹುರುಳಿಯನ್ನೋ ಅಲಸಂದೆಯನ್ನೋ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ, ಉಳಿದ ಸಣ್ಣ ಬೇರುಗಳು ಕೊಳೆಯಲು ಬೇಕಾದ ಸಾರಜನಕ ದೊರೆಯುತ್ತದೆ, ಕುಸಿತವೂ ತಿಳಿಯುತ್ತದೆ, ತಪ್ಪಿಸಿಕೊಂಡ ನೀಲಗಿರಿ ಗಡ್ಡೆಯೂ ಚಿಗುರಿ ತನ್ನ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಮುಂದಿನ ಜೂನ್‌ನಲ್ಲಿ ನಾಟಿ ಮಾಡಿದ ಹುಲ್ಲು, ಅದು ಕೊರಿಯನ್ ಹುಲ್ಲಾಗಲಿ ಈ ನೆಲದ್ದೇ ಆದ ಗರಿಕೆಯಾಗಲಿ, ಸಮನಾದ ನೆಲದ ಮೇಲೆ ಹಬ್ಬುತ್ತದೆ.

ಎಲ್ಲ ಬೊಡ್ಡೆಯನ್ನೂ ಕೀಳಬೇಕೆಂಬ ಹಟವೂ ಸರಿಯಲ್ಲ. ಇಳಿಜಾರಿನಲ್ಲಿ ಹಳೆಯ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ, ಕಾಂಪೌಂಡಿನ ಪಾಯಕ್ಕೆ ಅಂಟಿದ ಬೊಡ್ಡೆಯನ್ನು ಕಿತ್ತರೆ ಗೋಡೆ ಬಿರಿಯುತ್ತದೆ. ಹೊಂಗೆ, ಬೇವುಗಳು ಬೊಡ್ಡೆಯಿಂದ ಚಿಗುರುವುದಕ್ಕೆ ಹೆಸರಾದವು. ನೀಲಗಿರಿಯಲ್ಲಿ ಕಂಟಕವಾಗುವ ಗುಣವೇ ಹೊಂಗೆಯಲ್ಲಿ ವರವಾಗಬಲ್ಲದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಕೇಳುವುದಲ್ಲದೆ ಬದಲಿ ಗಿಡ ನೆಡುವ ಹೊಣೆಯನ್ನೂ ಹೊರಿಸುತ್ತದೆ. ಮರವೊಂದು ಹೇಗೂ ಬೇಕಾದಾಗ, ಅಂಗಳದ ಅಂಚಿನ ಹೊಂಗೆಯ ಬೊಡ್ಡೆಯಲ್ಲಿ ಎದ್ದ ಹತ್ತು ಕೊನರುಗಳಲ್ಲಿ ಬಲವಾದ ಒಂದನ್ನು ಉಳಿಸಿ ಮಿಕ್ಕವನ್ನು ಸವರಿದರೆ, ನೆಲದಲ್ಲಿ ಆಗಲೇ ಹಬ್ಬಿರುವ ಬೇರಿನ ಬಲದಿಂದ ಅದು ಯಾವ ನರ್ಸರಿ ಸಸಿಗಿಂತಲೂ ಬೇಗ ಎದ್ದು ನಿಲ್ಲುತ್ತದೆ. ಹುಲ್ಲುಹಾಸನ್ನು ಅದರ ನೆರಳಿನ ಗೆರೆಯಿಂದ ಈಚೆಗೆ ನಿಲ್ಲಿಸಿದರೆ ಸಾಕು.