ಸಾವಿರ ಪಟ್ಟು ಹಿಗ್ಗಿಸುವ ಪೆಟ್ಟಿಗೆ

ಟರ್ನ್‌ಟೇಬಲ್ಲಿಗೆ ಲಕ್ಷಗಟ್ಟಲೆ ಸುರಿದವರೂ ಫೋನೋ ಪ್ರೀಆಂಪ್ ಅಂದರೆ ಕೈ ಬಿಗಿಹಿಡಿಯುತ್ತಾರೆ. ನನಗಂತೂ ಆ ಪುಟ್ಟ ಪೆಟ್ಟಿಗೆಯ ಮೇಲೇ ಹೆಚ್ಚು ಗೌರವ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಸಾಮಾನ್ಯವಾಗಿ ಕೊಡುವುದು ಅರ್ಧ ಮಿಲಿವೋಲ್ಟಿನ ಆಸುಪಾಸು. ಅದನ್ನು 60 ಡೆಸಿಬೆಲ್, ಅಂದರೆ ಸಾವಿರ ಪಟ್ಟು ಹಿಗ್ಗಿಸಬೇಕು. ಗುಂಯ್‌ಗುಡುವ ಸದ್ದು ಮಾತ್ರ ಸೇರಕೂಡದು. ಜೊತೆಗೆ, ಎಲ್‌ಪಿ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ಇಳಿಸಿ, 1954ರಿಂದ ನಡೆದುಬಂದ ಆರ್‌ಐಎಎ ರೇಖೆಯನ್ನು ಸರಿಗಟ್ಟಬೇಕು. ಇಲ್ಲಿ ಹದ ತಪ್ಪಿದರೆ ಮಲ್ಲಿಕಾರ್ಜುನ ಮನ್ಸೂರರ ದನಿಯ ಹಿಂದಿನ ತಂಬೂರಿ ಮಸುಕಾಗುತ್ತದೆ.

ಮೂವಿಂಗ್ ಮ್ಯಾಗ್ನೆಟ್ಟಿಗೆ 47 ಕಿಲೋಓಮ್ ಲೋಡ್, 40 ಡೆಸಿಬೆಲ್ ಸಾಕು. ಮೂವಿಂಗ್ ಕಾಯಿಲ್ ಇದ್ದರೆ ಲೋಡ್ ಬದಲಿಸಬಲ್ಲ ಪೆಟ್ಟಿಗೆಯನ್ನೇ ಆರಿಸಿ. ಕೊಳ್ಳುವ ಮುನ್ನ ನಿಮ್ಮದೇ ಕಾರ್ಟ್ರಿಜ್ ಜೋಡಿಸಿ, ಸೂಜಿ ಎತ್ತಿಟ್ಟು, ನೀವು ಹಾಡು ಕೇಳುವಷ್ಟೇ ವಾಲ್ಯೂಮ್ ಇಟ್ಟು ಆಲಿಸಿ. ಕೂತ ಜಾಗಕ್ಕೆ ಗುಂಯ್ ಕೇಳಿಸಿದರೆ ಅದು ಬೇಡ.